ಸ್ಕ್ಯಾನ್ ಮುಗಿಸಿ ಅಕ್ಕನ ಮನೆಗೆ

ಡೊಂಬಿವಲಿಯಿಂದ ಬೆಳಿಗ್ಗೆ ಏಳೂವರೆಯ ಸ್ಲೋ ಲೋಕಲ್ ರೈಲು ಹಿಡಿದೆ. ಸ್ಕ್ಯಾನಿಗೆ ಖಾಲಿ ಹೊಟ್ಟೆಯಲ್ಲಿ ಬರಲು ಹೇಳಿದ್ದರು. ಮಾರ್ಚಿನ ಸೆಕೆ ಆಗಲೇ ಏರಿತ್ತು. ಮುಂಬ್ರಾ ದಾಟುವಾಗ ಖಾಡಿಯ ಉಪ್ಪುನೀರಿನ ಗಾಳಿ ಸ್ವಲ್ಪ ಹೊತ್ತು ಮುಖಕ್ಕೆ ತಾಗಿತು. ಠಾಣೆಯಲ್ಲಿ ಇಳಿದು, ಬ್ರಿಜ್ ಹತ್ತಿ, ಪನ್ವೇಲ್ ಗಾಡಿಗೆ ಬದಲಾಯಿಸಿದೆ.

ಗಾಡಿ ಕೋಪರಖೈರಣೆಯಲ್ಲಿ ನಿಂತಾಗ ನಾನು ಹೊರಗೆ ನೋಡಲಿಲ್ಲ. ಸ್ಟೇಷನ್ನಿನಿಂದ ಹತ್ತು ನಿಮಿಷ ನಡೆದರೆ ನನ್ನ ಅಕ್ಕ ಸುಮತಿಯ ಮನೆ. ಒಂದು ವರ್ಷದಿಂದ ನಮ್ಮೊಳಗೆ ಮಾತಿರಲಿಲ್ಲ.

ಕಳೆದ ವರ್ಷ ಪಿತ್ತಕೋಶದ ಕಲ್ಲಿಗೆಂದು ಮಾಡಿಸಿದ ಸ್ಕ್ಯಾನಿನಲ್ಲಿ ನನ್ನ ಎಡ ಕಿಡ್ನಿಯಲ್ಲಿ ಸಣ್ಣ ಗಡ್ಡೆಯೊಂದು ಕಂಡಿತ್ತು. ಹದಿನೆಂಟು ಮಿಲಿಮೀಟರ್. ನನಗೆ ಅರವತ್ತೇಳು, ಹಳೆಯ ಸಕ್ಕರೆ ಕಾಯಿಲೆ, ಕಿಡ್ನಿಗಳ ಶಕ್ತಿಯೂ ಕುಂದಿದೆ. "ಇಷ್ಟು ಸಣ್ಣವು ಹೆಚ್ಚಾಗಿ ನಿಧಾನವಾಗಿ ಬೆಳೆಯುತ್ತವೆ. ಈಗಲೇ ಕತ್ತರಿ ಬೇಡ. ಆರು ತಿಂಗಳಿಗೊಮ್ಮೆ ನೋಡೋಣ, ಬೆಳೆದರೆ ಆಪರೇಷನ್," ಎಂದರು ಡಾಕ್ಟರು. ನಾನು ಒಪ್ಪಿದೆ, ಅಕ್ಕ ಒಪ್ಪಲಿಲ್ಲ. ಭಾವ ತೀರಿಕೊಂಡದ್ದು ಕಿಡ್ನಿಯ ಕ್ಯಾನ್ಸರಿನಿಂದಲೇ, ಗೊತ್ತಾಗುವಾಗ ತಡವಾಗಿತ್ತು. "ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ನನ್ನೆದುರು ಬರಬೇಡ," ಎಂದು ಫೋನಿಟ್ಟಳು. ನಾನೂ ಹಟ ಹಿಡಿದೆ. ಆರು ತಿಂಗಳ ಹಿಂದಿನ ಸ್ಕ್ಯಾನಿನಲ್ಲಿ ಗಡ್ಡೆ ಅಷ್ಟೇ ಇತ್ತು.

ಮಾನಸರೋವರದಲ್ಲಿ ಇಳಿದು ಕಾಮೋಠೆಯ ಆಸ್ಪತ್ರೆಗೆ ರಿಕ್ಷಾ ಮಾಡಿದೆ. ಸ್ಕ್ಯಾನ್ ಆದ ಮೇಲೆ ಎದುರಿನ ಹೋಟೆಲಿನಲ್ಲಿ ಇಡ್ಲಿ ತಿಂದೆ; ಎರಡನೆಯದನ್ನು ತಟ್ಟೆಯಲ್ಲೇ ಬಿಟ್ಟೆ. ಎರಡು ಗಂಟೆಗೆ ಡಾಕ್ಟರು ಕರೆದರು.

"ಹತ್ತೊಂಬತ್ತು. ಒಂದು ಮಿಲಿಮೀಟರ್ ಅಳತೆಯಲ್ಲೇ ಹೆಚ್ಚುಕಡಿಮೆ ಆಗುತ್ತದೆ. ಬೆಳೆದಿದೆ ಅನ್ನುವ ಹಾಗಿಲ್ಲ. ಆರು ತಿಂಗಳು ಬಿಟ್ಟು ಬನ್ನಿ."

ಹೊರಗೆ ಬಿಸಿಲಲ್ಲಿ ನಿಂತೆ. ಯಾರಿಗಾದರೂ ಹೇಳಬೇಕು ಅನ್ನಿಸಿತು. ನನ್ನ ಯಜಮಾನರು ತೀರಿಕೊಂಡಿದ್ದಾರೆ, ಮಕ್ಕಳಿಲ್ಲ. ಸುದ್ದಿ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಮೊದಲು ಕೇಳುತ್ತಿದ್ದವಳು ಅಕ್ಕ. ವಾಪಸು ಬರುವಾಗ ಕೋಪರಖೈರಣೆಯಲ್ಲಿ ಇಳಿದುಬಿಟ್ಟೆ.

ಅಕ್ಕ ಬಾಗಿಲು ತೆರೆದು ನನ್ನ ಕೈಯಲ್ಲಿದ್ದ ದೊಡ್ಡ ಲಕೋಟೆಯನ್ನೇ ನೋಡಿದಳು. ತುಂಬ ಸೊರಗಿದ್ದಳು.

"ಎಂತ ಅಂದ್ರು?"

"ಬೆಳೀಲಿಲ್ಲ ಅಕ್ಕಾ."

ರಿಪೋರ್ಟು ಕಸಿದುಕೊಂಡು, ಕನ್ನಡಕ ಹುಡುಕಿ, ನಿಂತಲ್ಲೇ ಪೂರ್ತಿ ಓದಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ದಿನಾ ನಿನ್ನ ನಂಬರ್ ತೆಗೆದು ನೋಡಿ ಹಾಗೇ ಇಡ್ತಿದ್ದೆ. ಬೇರೆ ಯಾರಾದ್ರೂ ಎತ್ತಿ ಏನಾದ್ರೂ ಹೇಳಿದ್ರೆ ಅಂತ ಹೆದರಿಕೆ ಮಾರಾಯ್ತಿ."

ಅವಳು ಅನ್ನ, ಬಸಳೆ ಸಾಂಬಾರು ಬಡಿಸಿದಳು. ಎರಡು ಸಲ ಹಾಕಿಸಿಕೊಂಡೆ.

"ಈಗಲೂ ತೆಗೆಸುವುದೇ ಸರಿ ಅನ್ನಿಸ್ತದೆ ನನಗೆ," ಎಂದಳು.

"ಗೊತ್ತು ಅಕ್ಕಾ. ನನಗೂ ಕೆಲವು ದಿನ ಹಾಗೇ ಅನ್ನಿಸ್ತದೆ."

ಸಂಜೆ ಬೇಡವೆಂದರೂ ಮನೆಯ ಚಪ್ಪಲಿಯಲ್ಲೇ ಸ್ಟೇಷನ್ನಿಗೆ ಬಂದಳು. ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಕೂತೆ. ಸರಳುಗಳ ನಡುವೆ ಕೈ ತೂರಿಸಿ ನನ್ನ ಬೆರಳು ಹಿಡಿದಳು.

"ಆರು ತಿಂಗಳು ಅಂದ್ರೆ ಚೌತಿ ಹೊತ್ತಿಗಾ?"

"ಹೌದು."

"ನನಗೆ ಹೇಳದೆ ಹೋಗಬೇಡ."

ಗಾಡಿ ಹೊರಟಿತು. ಅವಳು ಬೆರಳು ಬಿಡದೆ ಗಾಡಿಯ ಜೊತೆ ನಾಲ್ಕು ಹೆಜ್ಜೆ ನಡೆದಳು. ಆಮೇಲೆ ಬಿಡಲೇಬೇಕಾಯಿತು.