ತಾಯಿ ಬೆಕ್ಕಿನ ಸ್ಕ್ಯಾನ್ ವರದಿ

ನಮ್ಮ ತಂದೆ ತೀರಿಕೊಂಡದ್ದು ಮೂತ್ರಪಿಂಡಗಳ ತುಂಬ ನೀರುಗುಳ್ಳೆಗಳೆದ್ದು. ಹೆತ್ತವರಿಂದ ಮಕ್ಕಳಿಗೆ ಇಳಿಯುವ ಕಾಯಿಲೆ ಅದು. ಇಳಿಯುವ ಸಾಧ್ಯತೆ ಪ್ರತಿ ಮಗುವಿಗೂ ಅರ್ಧಕ್ಕರ್ಧ. ನನಗೆ ಇಳಿದಿಲ್ಲವೆಂದು ವೈದ್ಯರು ಹೇಳಿದ್ದಾರೆ. ಕಳೆದ ವರ್ಷ ಅಕ್ಕನಲ್ಲಿ ಕಾಣಿಸಿತು. ಶಾಲೆಯ ಕೆಲಸ ಬಿಟ್ಟು ರಾಮಕೃಷ್ಣನಗರದ ಮನೆಯಲ್ಲಿ ಒಬ್ಬಳೇ ಇರುವ ಆಕೆ, ತನಗೊಂದು ಪರ್ಷಿಯನ್ ಬೆಕ್ಕಿನ ಮರಿ ಬೇಕೆಂದಳು. ಆ ತಳಿಗೂ ಇದೇ ಕಾಯಿಲೆ ವಂಶದಿಂದ ಬರುತ್ತದೆಂದು ನಾನು ಓದಿದ್ದೆ. ಮರಿ ಆರಿಸಲು ನೆರವಾಗುವ ನೆಪದಲ್ಲಿ, ನಿಜಕ್ಕೂ ತಡೆಯುವ ಉದ್ದೇಶದಿಂದ, ಅವಳ ಜೊತೆ ಹೂಟಗಳ್ಳಿಗೆ ಹೋದೆ.

ಮರಿ ಮಾರುವಾಕೆ ಅಲ್ಲಿನ ಹೊಸ ಬಡಾವಣೆಯ ಮನೆಯೊಂದರ ಮಹಡಿಯಲ್ಲಿ ಬೆಕ್ಕುಗಳನ್ನು ಸಾಕಿಕೊಂಡಿದ್ದರು. ಬೂದುಬಣ್ಣದ ಮರಿಯೊಂದು ಅಕ್ಕನ ಸೆರಗಿಗೆ ಉಗುರು ಸಿಕ್ಕಿಸಿಕೊಂಡು ಜೋತಾಡಿತು. ಎಷ್ಟೋ ತಿಂಗಳ ಮೇಲೆ ಅಕ್ಕ ನಕ್ಕಳು. ನಾನು ತಾಯಿ ಬೆಕ್ಕಿನ ವಯಸ್ಸು ಕೇಳಿದೆ. ಅದರ ತಾಯಿ ಎಷ್ಟು ವರ್ಷ ಬದುಕಿತ್ತೆಂದು ಕೇಳಿದೆ. ಮೂತ್ರಪಿಂಡದ ಸ್ಕ್ಯಾನ್ ಆಗಿದೆಯೇ ಎಂದು ಕೇಳಿದೆ.

“ಏನ್ ಸಾರ್, ಹೆಣ್ ನೋಡಕ್ಕೆ ಬಂದೋರ ತರ ವಂಶಾನೆಲ್ಲ ಜಾಲಾಡ್ತಿದ್ದೀರಲ್ಲ!” ಎಂದು ಆಕೆ ನಕ್ಕರು. ಆದರೂ ಸುಳ್ಳು ಹೇಳಲಿಲ್ಲ; ಬೀರುವಿನಿಂದ ವರದಿ ತಂದುಕೊಟ್ಟರು. ತಾಯಿ ಬೆಕ್ಕಿನ ಎರಡೂ ಮೂತ್ರಪಿಂಡಗಳಲ್ಲಿ ಗುಳ್ಳೆಗಳಿದ್ದವು. “ಓಡಾಡ್ಕೊಂಡ್ ಚೆನ್ನಾಗೇ ಐತೆ ಕಣ್ರೀ. ಬೇಡ ಅಂದ್ರೆ ಬುಡಿ, ಕೇಳೋರು ಬೇಜಾನ್ ಜನ ಅವ್ರೆ” ಎಂದವರು, ಫೋನು ಬಂದಿತೆಂದು ಹೊರಗೆ ಹೋದರು.

ನಾನು ಅಕ್ಕನ ಮುಂದೆ ನನ್ನ ವಾದವನ್ನು ಕ್ರಮವಾಗಿ ಇಟ್ಟೆ. ರೋಗವಿದೆಯೆಂದು ತಿಳಿದೂ ಮರಿ ಹಾಕಿಸುವುದು ಅನ್ಯಾಯ. ಕೊಳ್ಳುವವರು ಇರುವುದರಿಂದಲೇ ಆ ಅನ್ಯಾಯ ನಡೆಯುತ್ತದೆ. ಇನ್ನು ಐದಾರು ವರ್ಷದಲ್ಲಿ ಮರಿ ಕಾಯಿಲೆ ಬಿದ್ದರೆ, ಅಷ್ಟರಲ್ಲಿ ಅವಳಿಗೇ ಡಯಾಲಿಸಿಸ್ ಶುರುವಾಗಿದ್ದರೆ, ಅದನ್ನು ನೋಡಿಕೊಳ್ಳುವವರು ಯಾರು?

“ಮುಗೀತಾ? ಬೆಲ್ ಹೊಡೀಲಾ?” ಎಂದಳು ಅಕ್ಕ. ಮರಿಯ ಉಗುರನ್ನು ಸೆರಗಿನಿಂದ ಮೆಲ್ಲಗೆ ಬಿಡಿಸುತ್ತ, “ನನ್ನ ನೋಡಕ್ಕೆ ಬಂದೋರ ಮುಂದೇನೂ ಹಿಂಗೇ ಎದ್ದು ನಿಂತ್ಕೊಂಡಿದ್ದೆ ಕಣೋ ನೀನು” ಎಂದಳು.

ಅದು ನಿಜ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬೆಲ್ ಹೊಡೆಯುವವರೆಗೂ ವಾದಿಸಿ ಗೆದ್ದು ಬರುತ್ತಿದ್ದ ದಿನಗಳವು. ತಂದೆ ಹೃದಯಾಘಾತದಿಂದ ಹೋದರೆಂದು ಅಮ್ಮ ಗಂಡಿನ ಕಡೆಯವರಿಗೆ ಹೇಳುತ್ತಿದ್ದಂತೆ, ಸತ್ಯ ಮುಚ್ಚಿಟ್ಟು ಮಾಡುವ ಮದುವೆ ಮೋಸವೆಂದು ನಂಬಿದ್ದ ನಾನು ಎದ್ದು ನಿಂತು, ಕಾಯಿಲೆಯ ಹೆಸರನ್ನೂ ಅದು ಇಳಿಯುವ ಬಗೆಯನ್ನೂ ವಿವರಿಸಿದೆ. ಅವರು ತಟ್ಟೆಯಲ್ಲಿದ್ದ ಕೇಸರಿಬಾತನ್ನು ಮುಗಿಸಿ, ತಿಳಿಸುತ್ತೇವೆಂದು ಹೇಳಿ ಹೋದರು. ಸುದ್ದಿ ನೆಂಟರಲ್ಲೆಲ್ಲ ಹರಡಿತು. ಆಮೇಲೆ ಅಕ್ಕನನ್ನು ನೋಡಲು ಯಾರೂ ಬರಲಿಲ್ಲ.

“ಆಮೇಲೆ ನಿನ್ನ ಮದುವೆ ಬಂತು. ನಿಮ್ಮ ಮಾವ ದೂರದೂರಿಂದ ಮನೆ ನೋಡಕ್ಕೆ ಬಂದು, ಅಪ್ಪ ಹೆಂಗೆ ಹೋದ್ರು ಅಂತ ಕೇಳಿದ್ರು. ಅಮ್ಮ ಅದೇ ಹಾರ್ಟ್ ಅಟ್ಯಾಕ್ ಅಂದ್ಳು. ನೀನು ತಲೆ ಬಗ್ಗಿಸ್ಕೊಂಡು ಕಾಫಿ ಕುಡ್ದೆ. ಆ ಲೋಟ ತಂದ್ಕೊಟ್ಟೋಳು ನಾನೇ ಕಣೋ.”

ಆಗಿನ್ನೂ ನಾನು ಪರೀಕ್ಷೆ ಮಾಡಿಸಿಕೊಂಡಿರಲಿಲ್ಲ. ನನ್ನಲ್ಲಿ ಕಾಯಿಲೆಯಿಲ್ಲವೆಂಬುದು ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ತಿಳಿದ ಸಂಗತಿ. ಅಕ್ಕ ಇಷ್ಟು ವರ್ಷ ಈ ಮಾತನ್ನು ಒಮ್ಮೆಯೂ ಎತ್ತಿರಲಿಲ್ಲ. ಕೈಯಲ್ಲಿದ್ದ ವರದಿಯನ್ನು ಮಡಚಿಟ್ಟೆ.

“ಐದಾರು ವರ್ಷ ಅಂದ್ಯಲ್ಲ, ಸಾಕು ಬುಡು. ನಂಗೂ ಅಷ್ಟೇ ಇರ್ಬೋದು” ಎಂದಳು. ಮಾರುವಾಕೆ ಒಳಗೆ ಬಂದ ಕೂಡಲೇ, “ಇದನ್ನೇ ಕೊಡಿ” ಎಂದಳು.

ಮರಿ ಮನೆಗೆ ಬಂದಿತು. ಅದಕ್ಕೆ ಕಾಯಿಲೆ ಇಳಿದಿದೆಯೇ ಎಂಬ ಪರೀಕ್ಷೆಗೆ ಅಕ್ಕ ಒಪ್ಪಿಲ್ಲ, ನಾನೂ ಒತ್ತಾಯಿಸಿಲ್ಲ. ಹೂಟಗಳ್ಳಿಯಲ್ಲಿ ಆ ದಿನ ಮಂಡಿಸಿದ ವಾದ ತಪ್ಪೆಂದು ಮಾತ್ರ ನನಗೆ ಈಗಲೂ ಅನ್ನಿಸುವುದಿಲ್ಲ. ಕೆಲವು ತಿಂಗಳ ನಂತರ, ಮರಿ ಬೇಕಾದವರಿದ್ದರೆ ತಿಳಿಸಿ ಎಂಬ ಸಾಲಿನೊಡನೆ, ಮಾರಿದಾಕೆಯಿಂದ ನನ್ನ ಫೋನಿಗೊಂದು ಚಿತ್ರ ಬಂದಿತು. ಅದೇ ತಾಯಿ ಬೆಕ್ಕು; ಮೈ ಸೊರಗಿ ಬೆನ್ನುಮೂಳೆ ಎದ್ದು ಕಾಣುತ್ತಿತ್ತು. ಹೊಟ್ಟೆಗಂಟಿಕೊಂಡು ನಾಲ್ಕು ಹೊಸ ಮರಿಗಳು. ನಾವು ಕೊಂಡದ್ದಕ್ಕೂ ಅದರಲ್ಲಿ ಪಾಲಿತ್ತು.

ಅಕ್ಕ ಪಕ್ಕದಲ್ಲೇ ಕುಳಿತು ತನ್ನ ಮರಿಯ ಕೂದಲು ಬಾಚುತ್ತಿದ್ದಳು. ಏನು ಬಂತೆಂದು ಕೇಳಿದಳು.

ಏನಿಲ್ಲವೆಂದೆ.