ಕೆಂಚಕ್ಕನ ಪಾಲಿಗೆ ಬಂದ ಬೆಳ್ಳಿ

ದಾವಣಗೆರೆಯ ಮಂಡಿಪೇಟೆಯ ಹತ್ತಿ ದಲಾಲಿ ಮುರುಗೇಶಪ್ಪನ ತಮ್ಮ ಏಕಾಂತಪ್ಪ ತೀರಿಕೊಂಡದ್ದು ಐವತ್ತನಾಲ್ಕನೆಯ ಇಸವಿಯಲ್ಲಿ. ಮಕ್ಕಳಿರಲಿಲ್ಲ. ಸತ್ತವನ ಹೆಸರಿನ ಊಟ ಮುಗಿದ ಮಾರನೆಯ ಬೆಳಗ್ಗೆಯೇ ಮುರುಗೇಶಪ್ಪ ನಾಲ್ಕು ಜನ ಹಿರಿಯರನ್ನು ಕರೆಸಿ, ತಮ್ಮನ ಹೆಂಡತಿ ಕೆಂಚಕ್ಕನಿಗೆ ಪಾಲು ಕೊಟ್ಟು ಕೈತೊಳೆದುಕೊಳ್ಳಲು ಕೂತ.

ಮನೆಯಲ್ಲಿ ಒಂದು ಬೆಳ್ಳಿ ಗಟ್ಟಿ ಇತ್ತು. ಯುದ್ಧದ ಕಾಲದಲ್ಲಿ ಕೆಂಚಕ್ಕನ ಮಾವ ಕೊಂಡು ತಂದದ್ದು. ಆಮೇಲೆ ಧಾರಣೆ ಇಳಿದು, ಮಾರಿದರೆ ನಷ್ಟವೆಂದು ಮಾರಲಿಲ್ಲ. ಕಪ್ಪು ಹಿಡಿದು ಕಲ್ಲಿನಂತಾಗಿದ್ದ ಅದನ್ನು ಹಿತ್ತಲ ಬಾಗಿಲು ಗಾಳಿಗೆ ಬಡಿಯದಂತೆ ಒತ್ತಾಗಿ ಇಡುತ್ತಿದ್ದರು. ಮುರುಗೇಶಪ್ಪ ಅದನ್ನೇ ಎಳೆದು ತಂದು ಜಮಖಾನದ ಮೇಲೆ ಇಟ್ಟ.

"ಅಪ್ಪ ಕೊಟ್ಟ ರೇಟಿಗೆ ಲೆಕ್ಕ ಹಾಕ್ರಿ," ಎಂದ ಹಿರಿಯರಿಗೆ. "ಕೆಂಚವ್ವನ ಪಾಲು ಇದರಲ್ಲೇ ತೀರ್ತೈತೆ. ಮನೆ, ಮಂಡಿ, ಬ್ಯಾಂಕಿನ ರೊಕ್ಕದ ತಂಟಿ ಆಕಿಗೆ ಬ್ಯಾಡ."

ಈಗಿನ ಧಾರಣೆ ಅದರ ಅರ್ಧವೂ ಇಲ್ಲವೆಂದು ಹಿರಿಯರಿಗೆ ಗೊತ್ತಿತ್ತು. ಅವರು ಎಲೆಯಡಿಕೆ ಹಾಕಿಕೊಂಡು ತಲೆಯಾಡಿಸಿದರು. ಕೆಂಚಕ್ಕ ಹೆಬ್ಬೆಟ್ಟು ಒತ್ತಿದಳು.

ಗಟ್ಟಿ ನಾಲ್ಕು ವರ್ಷದ ಮಗುವಿನಷ್ಟು ಭಾರವಿತ್ತು. ಬಸ್ಸಿನವರೆಗೆ ಹೊರಲು ಮಂಡಿಯ ಒಬ್ಬ ಹಮಾಲನನ್ನು ಕೇಳಿದ್ದಕ್ಕೆ ಮುರುಗೇಶಪ್ಪ, "ನಿನ್ನ ಪಾಲು, ನೀನೇ ಹೊತ್ಕೊ," ಎಂದ. ಅವಳು ಅದನ್ನು ಹಳೆಯ ಸೀರೆಯಲ್ಲಿ ಸುತ್ತಿ ಸೊಂಟದ ಮೇಲೆ ಕೂರಿಸಿಕೊಂಡು ನಡೆದಳು. ಬಸ್ಸಿನಲ್ಲಿ ಪಕ್ಕದ ಹೆಂಗಸು, "ಕೂಸು ಮಲಗೈತೇನವ್ವ?" ಎಂದು ಕೇಳಿದಳು. ಬಂಜೆಯೆಂದು ಅನ್ನಿಸಿಕೊಂಡೇ ಹನ್ನೆರಡು ವರ್ಷ ಆ ಮನೆಯಲ್ಲಿ ಕಳೆದವಳು, ಹೂಂ ಎಂದಳು.

ಹರಿಹರದಲ್ಲಿ ಹೊಳೆಗೆ ಹೋಗುವ ದಾರಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಕಾರ್ಖಾನೆಗೆ ಹೋಗುವವರಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಕೊಡುತ್ತಿದ್ದಳು. ಗಟ್ಟಿಯನ್ನು ಒಲೆಯ ಪಕ್ಕದ ನೆಲದಲ್ಲಿ ಹೂತು ಮೇಲೆ ಸಗಣಿ ಸಾರಿಸಿದಳು. ಒಂದು ಸಲ ವಿಷಮಜ್ವರ ಬಂದು ಒಲೆ ಹಚ್ಚಲಾಗದೆ, ಬಾಡಿಗೆ ನಿಂತು, ಮನೆಯ ಒಡೆಯ ಪಾತ್ರೆಗಳನ್ನು ಹೊರಗಿಟ್ಟ. ಆಗಲೂ ಅದರ ಒಂದು ಮೂಲೆಯನ್ನೂ ಮುರಿಸಲಿಲ್ಲ. ಮುರಿಸಿ ತಿಂದರೆ, ಕೊಟ್ಟೆವು, ತಿಂದು ಮುಗಿಸಿದಳು ಎಂದು ದಾವಣಗೆರೆಯಲ್ಲಿ ಆಡಿಕೊಳ್ಳುತ್ತಾರೆ. ಆ ಮಾತು ಕೇಳುವುದಕ್ಕಿಂತ ಹಸಿವೇ ವಾಸಿ ಎನ್ನಿಸಿತ್ತು.

ದಾವಣಗೆರೆಯ ಮನೆಯಿಂದ ಅವಳನ್ನು ನೆನೆಯುತ್ತಿದ್ದವಳು ನೀಲಕ್ಕ ಒಬ್ಬಳೇ, ಮುರುಗೇಶಪ್ಪನ ಹೆಂಡತಿ. ಪಂಚಮಿಗೆ ಗಂಡನಿಗೆ ಸುಳ್ಳು ಹೇಳಿ ಹರಿಹರಕ್ಕೆ ಬಂದು, ಒಂದು ಕುಪ್ಪಸದ ಕಣ, ನಾಲ್ಕು ಉಂಡಿ ಇಟ್ಟು, ಸಂಜೆಯ ಬಸ್ಸಿಗೆ ವಾಪಸಾಗುತ್ತಿದ್ದಳು. ಜ್ವರದ ವರ್ಷ ಬಂದು ಆರೈಕೆ ಮಾಡಿ, ಬಾಡಿಗೆ ಕಟ್ಟಿದವಳೂ ಅವಳೇ.

ಅರವತ್ತರಲ್ಲಿ ದಾವಣಗೆರೆಯ ಒಂದು ಸಣ್ಣ ಬ್ಯಾಂಕು ಬಾಗಿಲು ಹಾಕಿತು. ಬೇರೆ ಕಡೆ ಯಾವುದೋ ದೊಡ್ಡ ಬ್ಯಾಂಕು ಮುಳುಗಿತೆಂಬ ಸುದ್ದಿ ಬಂದು, ಜನ ರೊಕ್ಕ ಬಿಡಿಸಲು ಮುಗಿಬಿದ್ದಿದ್ದರು. ಮುರುಗೇಶಪ್ಪನ ರೊಕ್ಕವೆಲ್ಲ ಅಲ್ಲಿತ್ತು. ಅದರಲ್ಲಿ ರೈತರಿಗೆ ಕೊಡಬೇಕಾದ ಹತ್ತಿಯ ರೊಕ್ಕವೂ ಸೇರಿತ್ತು. ರೈತರು ಬುತ್ತಿ ಕಟ್ಟಿಕೊಂಡು ಬಂದು ಅವನ ಮನೆಯ ಕಟ್ಟೆಯ ಮೇಲೆಯೇ ಕೂತರು. ಬೈಯಲಿಲ್ಲ, ಏಳಲೂ ಇಲ್ಲ. ಅವರಲ್ಲೊಬ್ಬ ಮುರುಗೇಶಪ್ಪನ ರುಮಾಲು ಕಿತ್ತುಕೊಂಡು, ರೊಕ್ಕ ಕೊಟ್ಟು ಬಿಡಿಸಿಕೊ ಎಂದ.

ಬರಿದಲೆಯಲ್ಲೇ ಅವನು ಹರಿಹರಕ್ಕೆ ಬಂದ. ಆರು ವರ್ಷದಲ್ಲಿ ಅದೇ ಮೊದಲು. ಕೆಂಚಕ್ಕ ರೊಟ್ಟಿ ಬಡಿಯುತ್ತಿದ್ದಳು.

"ಬರ್ರಿ ಭಾವ, ಕೂಡ್ರಿ."

"ಕೂಡಾಕೆ ಟೈಮಿಲ್ಲ ಕೆಂಚವ್ವ. ಆ ಗಟ್ಟಿ ಐತೇನು?"

"ಐತೆ."

ಅವನ ಕಣ್ಣು ತುಂಬಿತು. "ಕೊಡು. ನಿಮ್ಮಕ್ಕನ ಡಾಬು, ಕಾಲ್ಗಡಗ ಎಲ್ಲಾ ತೂಗಿಸ್ದೆ, ಎಲ್ಲಿಗೂ ಸಾಲ್ತಿಲ್ಲ. ಬ್ಯಾಂಕಿನ ರೊಕ್ಕ ಬಂದ ಕೂಡ್ಲೆ ಬಡ್ಡಿ ಸಮೇತ ತೀರಿಸ್ತೀನಿ."

"ಕೊಡಾಕೆ ಆಗಂಗಿಲ್ಲ. ಮಾರಿ, ಆ ರೊಕ್ಕದಾಗೆ ನಿಮ್ಮ ಮನಿ ಕೊಳ್ತೀನಿ."

ಕೂಡಾಕೆ ಟೈಮಿಲ್ಲವೆಂದವನು ಹೊಸ್ತಿಲ ಮೇಲೆ ಕೂತ.

"ಬ್ಯಾಂಕಿನ ಬಾಗಿಲು ಹಾಕಿರೋವಾಗ ಅಷ್ಟು ರೊಕ್ಕ ಕೈಯಾಗೆ ಇಟ್ಕೊಂಡೋರು ಯಾರು ಸಿಗ್ತಾರೆ, ನೀವೇ ಹೇಳ್ರಿ," ಎಂದು ಅವಳು ರೊಟ್ಟಿ ತಿರುವಿ ಹಾಕಿದಳು.

ಮರುದಿನ ಕೆಂಚಕ್ಕ ಮಂಡಿಪೇಟೆಯ ಚಿನಿವಾರ ಜಂಬಯ್ಯನ ಅಂಗಡಿಗೆ ಹೋದಳು. ಒಳಗೆ ಕಾಲಿಡಲು ಜಾಗವಿರಲಿಲ್ಲ. ದೇವರ ದೀಪ, ಲಿಂಗದ ಕರಡಿಗೆ, ಮಕ್ಕಳ ಉಡಿದಾರ, ಎಲ್ಲವೂ ಒಂದೇ ರಾಶಿ. ಒಬ್ಬ ಮುದುಕಿಯ ಕಡಗ ಕಾಲಿನಿಂದ ಬಾರದೆ, ಜಂಬಯ್ಯನ ಆಳು ಅದನ್ನು ಕಾಲಿನ ಮೇಲೆಯೇ ಅರದಿಂದ ಕೊಯ್ಯುತ್ತಿದ್ದ. ರಕ್ತ ಬಂತು. ಮುದುಕಿ ಅಲುಗಾಡಲಿಲ್ಲ.

"ಅರ್ಧ ರೇಟು ತಾಯಿ," ಎಂದ ಜಂಬಯ್ಯ. "ಬೆಳ್ಳಿ ಕೆಟ್ಟಿಲ್ಲ. ನನ್ನ ಹತ್ರ ರೊಕ್ಕ ಇಲ್ಲ. ಈ ಊರಾಗೆ ಇವತ್ತು ಎಲ್ಲಾರೂ ಮಾರೋರೇ. ಹುಬ್ಬಳ್ಳಿಗೆ ಹೋದ್ರೆ ಮುಂಬಯಿ ಧಾರಣೆ ಸಿಗ್ತೈತೆ. ಆದ್ರೆ ಅಲ್ಲೀ ತನಕ ಯಾರು ಹೊರ್ತಾರೆ?"

ಅವಳು ಹೊತ್ತಳು. ಜೋಳದ ಚೀಲದಲ್ಲಿ ಗಟ್ಟಿ ಇಟ್ಟುಕೊಂಡು ಹರಿಹರದಲ್ಲಿ ರೈಲು ಹತ್ತಿ, ಹುಬ್ಬಳ್ಳಿಯ ಸರಾಫಕಟ್ಟೆಯಲ್ಲಿ ಇಳಿಸಿದಳು. ವ್ಯಾಪಾರಿ ಉಳಿ ಇಟ್ಟು ಮೂಲೆ ಹೊಡೆದ. ಕಪ್ಪಿನ ಒಳಗೆ ಹೊಸ ಸುಣ್ಣದಂಥ ಬಿಳುಪು. ಅವನು ಒರೆ ಹಚ್ಚಿ, ಕರಗಿಸಿ ನೋಡಿ, ಪೂರ್ತಿ ಧಾರಣೆ ಕೊಟ್ಟ. ಆ ರೊಕ್ಕ ಮನೆಯ ಬೆಲೆಯ ಮೂರರಲ್ಲಿ ಒಂದು ಪಾಲೂ ಆಗುತ್ತಿರಲಿಲ್ಲ.

ಆದರೂ ಮುರುಗೇಶಪ್ಪ ಬರೆದುಕೊಟ್ಟ. ಆ ದಿನ ಅವನಿಗೆ ರೊಕ್ಕ ತೋರಿಸಿದವರು ಬೇರೆ ಯಾರೂ ಇರಲಿಲ್ಲ. ನೋಂದಣಿ ಕಚೇರಿಯ ಮೆಟ್ಟಿಲು ಇಳಿಯುವಾಗ, "ಪತ್ರ ನಿನ್ನ ಹೆಸರಿಗೆ ಆದ್ರೂ ನಾವು ಇರಾದು ಅಲ್ಲೇ ಅಲ್ಲೇನು," ಎಂದ. ಅವಳು ತಲೆ ತಗ್ಗಿಸಿಕೊಂಡು ಮುಂದೆ ನಡೆದಳು. ಅವನು ಅದನ್ನು ಹೌದೆಂದು ತಿಳಿದ.

ರೈತರು ರೊಕ್ಕ ತೆಗೆದುಕೊಂಡು ಕಟ್ಟೆಯಿಂದ ಎದ್ದುಹೋದ ದಿನವೇ ಕೆಂಚಕ್ಕ ಬೀಗ ಹಿಡಿದು ಬಂದಳು. ಮುರುಗೇಶಪ್ಪ ಕೂಗಾಡಿದ, ಆಮೇಲೆ ಕೈಮುಗಿದ. ಅವಳು ನಡುಮನೆಯ ಕಂಬಕ್ಕೆ ಒರಗಿ ನಿಂತು ಕೇಳಿಸಿಕೊಂಡಳು. ಇದನ್ನು ನೋಡಬೇಕೆಂದು ಆರು ವರ್ಷ ಬಯಸಿದ್ದಳು. ನೋಡುತ್ತಿರುವಾಗ ಸುಖವೇ ಆಯಿತು.

ನೀಲಕ್ಕ ಒಳಗಿನಿಂದ ಟ್ರಂಕು ತಂದು ಇಟ್ಟಳು.

"ನೀನು ಇರು ಅಕ್ಕ," ಎಂದಳು ಕೆಂಚಕ್ಕ. "ಅವರು ಹೋಗ್ಲಿ. ನಿನ್ನ ಅನ್ನದ ಋಣ ನನಗೈತೆ."

"ಅವರನ್ನ ಬಿಟ್ಟು ಎಲ್ಲಿರ್ಲಿ? ಹಿಂದಿನ ಕೋಣೆ ಒಂದು ಕೊಡು. ಇಬ್ಬರೂ ಇರ್ತೀವಿ. ಬಾಡಿಗೆ ಕೊಡ್ತೀನಿ."

"ಅವರು ಇರಂಗಿಲ್ಲ."

ನೀಲಕ್ಕ ಟ್ರಂಕಿನ ಹಿಡಿಕೆ ಹಿಡಿದಳು. "ಜ್ವರದಾಗೆ ನಿನ್ನ ತಲಿ ನನ್ನ ತೊಡಿ ಮ್ಯಾಲಿತ್ತು ಕೆಂಚಿ. ಆವಾಗೂ ಇದನ್ನೇ ಯೋಚಿಸ್ತಿದ್ದೇನು?"

ಕೆಂಚಕ್ಕ ಸುಳ್ಳು ಹೇಳಬಹುದಿತ್ತು. "ಹೂಂ," ಎಂದಳು.

ಮಂಡಿಯೂ ಮುಚ್ಚಿ, ಗಂಡ ಹೆಂಡತಿ ನಂದಿಗುಡಿ ಹಳ್ಳಿಯ ದೂರದ ನೆಂಟರ ಕೊಟ್ಟಿಗೆ ಸೇರಿದರು. ನೀಲಕ್ಕ ಬೇರೆಯವರ ಗದ್ದೆಯಲ್ಲಿ ನಾಟಿಗೆ ಹೋದಳು. ವರ್ಷ ಕಳೆದ ಮೇಲೆ ಮುಚ್ಚಿದ ಬ್ಯಾಂಕನ್ನು ದೊಡ್ಡದೊಂದು ಬ್ಯಾಂಕು ಕೊಂಡು, ಇಟ್ಟವರಿಗೆ ಬಹುಪಾಲು ರೊಕ್ಕ ಮರಳಿಸಿತು. ಕೆಂಚಕ್ಕ ಅಂದು ಸಾಲವೆಂದೇ ಕೊಟ್ಟಿದ್ದರೆ ಅಷ್ಟೂ ತೀರಿ, ಮನೆಯೂ ಉಳಿಯುತ್ತಿತ್ತು.

ಆ ರೊಕ್ಕ ಸೆರಗಿನಲ್ಲಿ ಕಟ್ಟಿಕೊಂಡು ನೀಲಕ್ಕ ಬಂದಳು. ಅಂಗಾಲು ಬಿರಿದಿದ್ದವು.

"ನೀನು ಕೊಟ್ಟಷ್ಟು ಐತೆ. ಮ್ಯಾಲೆ ಒಂದಿಷ್ಟು ಸೇರಿಸೀನಿ. ಮನಿ ವಾಪಸ್ ಬರಕೊಡು. ಅವರಿಗೆ ಮೈ ಸರಿಯಿಲ್ಲ, ಇಲ್ಲೇ ಸಾಯ್ಬೇಕು ಅಂತಾರೆ."

"ಈಗಿನ ಬೆಲಿ ಬ್ಯಾರೆ ಅಕ್ಕ," ಎಂದಳು ಕೆಂಚಕ್ಕ.

ನೀಲಕ್ಕ ಗಂಟನ್ನು ಮತ್ತೆ ಬಿಗಿದು ಎದ್ದಳು. ತಂದಿಟ್ಟ ಮಜ್ಜಿಗೆ ಮುಟ್ಟಲಿಲ್ಲ.

ಸತ್ತವನು ಮುರುಗೇಶಪ್ಪನಲ್ಲ. ಗಂಟಿನ ರೊಕ್ಕವೆಲ್ಲ ಅವನ ಔಷಧಕ್ಕೆ ಕರಗಿತ್ತು. ಅರವತ್ತಮೂರರ ಮಳೆಗಾಲದಲ್ಲಿ ನಾಟಿಗೆ ಹೋದ ನೀಲಕ್ಕನಿಗೆ ಗದ್ದೆಯ ಬದುವಿನ ಮೇಲೆ ಹಾವು ಕಚ್ಚಿತು. ಸುದ್ದಿ ತಿಳಿದು ಕೆಂಚಕ್ಕ ಮೊದಲ ಬಸ್ಸಿಗೆ ನಂದಿಗುಡಿಗೆ ಹೋದಳು. ಅವಳು ತಲುಪುವ ಹೊತ್ತಿಗೆ ಹೆಣವನ್ನು ಗುಣಿಗೆ ಇಳಿಸಿಯಾಗಿತ್ತು. ಜನ ಒಬ್ಬೊಬ್ಬರಾಗಿ ಬಂದು ಮೂರು ಹಿಡಿ ಮಣ್ಣು ಹಾಕುತ್ತಿದ್ದರು. ಮುರುಗೇಶಪ್ಪ ಕೋಲೂರಿ ಕೂತಿದ್ದ. ಅವಳನ್ನು ಕಂಡು, "ನೋಡಿದ್ಯಲ್ಲ. ಹೋಗಿನ್ನ," ಎಂದ.

ಅವಳು ಹೋಗಲಿಲ್ಲ. ಮಳೆಯಲ್ಲಿ ನೆನೆದ ಎರೆಮಣ್ಣನ್ನು ಬಗ್ಗಿ ಹಿಡಿಯಲ್ಲಿ ತೆಗೆದುಕೊಂಡಳು. ಪಕ್ಕದಲ್ಲಿ ನಿಂತಿದ್ದ, ನೀಲಕ್ಕನ ಜೊತೆ ನಾಟಿಗೆ ಹೋಗುತ್ತಿದ್ದ ಹೆಂಗಸೊಬ್ಬಳು ಅವಳ ಮಣಿಕಟ್ಟು ಹಿಡಿದು, "ನೀನು ಬ್ಯಾಡ," ಎಂದಳು. ಮೆಲ್ಲಗೇ ಹೇಳಿದಳು, ಕೈ ಮಾತ್ರ ಬಿಡಲಿಲ್ಲ.

ಕೆಂಚಕ್ಕ ತನ್ನ ಹಿಡಿ ಸಡಿಲಿಸಿದಳು. ಮಣ್ಣು ಅವಳ ಕಾಲ ಬಳಿಯೇ ಬಿತ್ತು. ಯಾರೂ ಅವಳ ಕಡೆ ತಿರುಗಲಿಲ್ಲ. ಗುಣಿ ಮುಚ್ಚುವವರೆಗೆ ದೂರದ ಬೇವಿನ ಮರದ ಕೆಳಗೆ ನಿಂತಿದ್ದು, ಆಮೇಲೆ ಬಸ್ಸು ನಿಲ್ಲುವ ಕಡೆ ನಡೆದಳು.