ಬಾಣಗಳಿಂದ ಸಾಯದ ಸಂತ

ಸತ್ಯನಾರಾಯಣಪೇಟೆಯ ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಒಂದೇ ಗೋಡೆ. ಈ ಕಡೆ ಲಿಂಗಪೂಜೆ, ಆ ಕಡೆ ಜಪಮಾಲೆ. ಪಕ್ಕದಾಕೆ ಕ್ರೈಸ್ತಳು, ನರ್ಸಾಗಿ ನಿವೃತ್ತಳಾದ ವಿಧವೆ. ನಾನು ಶಾಲೆಯಲ್ಲಿ ಕನ್ನಡ ಕಲಿಸಿ ಗಂಟಲು ಸವೆಸಿಕೊಂಡವಳು. ಇಬ್ಬರಿಗೂ ಬಾಯಿ ಜೋರು, ಹಾಗಾಗಿ ಸ್ನೇಹವೂ ಗಟ್ಟಿ.

ಆಕೆಯ ಪಡಸಾಲೆಯಲ್ಲಿ ಒಬ್ಬ ಸಂತನ ಪಟವಿದೆ. ಮರಕ್ಕೆ ಕಟ್ಟಿಹಾಕಿದ ಯುವಕ, ಮೈತುಂಬ ಬಾಣ. ಆ ಬಾಣಗಳಿಂದಲೇ ಆತ ಸತ್ತನೆಂದು ನಾನು ಬಹಳ ಕಾಲ ತಿಳಿದಿದ್ದೆ. ಪಟ ನೋಡಿದ ಯಾರಾದರೂ ಹಾಗೆಯೇ ತಿಳಿಯುತ್ತಾರೆ.

ಈಚೆಗೆ ಆ ಸಂತನ ಹಬ್ಬ ಹತ್ತಿರವಿದ್ದಾಗ ಆಕೆಯ ಮಗ ತಲೆಗೆ ಹೊಲಿಗೆ, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆ ಸೇರಿದ. ಅವನು ಸಿರುಗುಪ್ಪದ ಆಚೆ ಕಾಲುವೆಯ ತೂಬು ನೋಡಿಕೊಳ್ಳುವವನು. ಸರದಿ ಮುಗಿದರೂ ಮೇಲಿನ ಹೊಲದವರು ತೂಬು ತೆರೆದೇ ಇಟ್ಟರೆ ರಾರಾವಿ ಕಡೆಯ ಕೊನೆಯ ಗದ್ದೆಗಳಿಗೆ ನೀರು ಮುಟ್ಟುವುದಿಲ್ಲ. ಇವನು ತೂಬು ಇಳಿಸಿ ನೀರು ನಿಲ್ಲಿಸಿದ. ಅವರು ಹೊಡೆದರು. ವಾಸಿಯಾದ ಮೇಲೆ ಅದೇ ತೂಬಿಗೆ ಹೋಗುತ್ತೇನೆಂದು ಇವನ ಹಟ. ಬೇರೆ ಕಡೆ ವರ್ಗ ಮಾಡಿಸಿಕೋ, ಇಲ್ಲವೇ ಕೆಲಸ ಬಿಡು ಎಂದು ಅವಳ ಹಟ. ಗೋಡೆಯ ಈಚೆಗೆ ಎಲ್ಲ ಕೇಳಿಸುತ್ತಿತ್ತು. ನಾನು ಪೂರ್ತಿ ತಾಯಿಯ ಪಕ್ಷ.

ಹಬ್ಬದ ಸಂಜೆ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಳ್ಳುತ್ತೇನೆ, ಸಂತನ ಚರಿತ್ರೆಯನ್ನು ಸರಳ ಕನ್ನಡದಲ್ಲಿ ಬರೆದುಕೊಡಿ ಎಂದು ಆಕೆ ಕೇಳಿದಳು. ಅವರಲ್ಲಿದ್ದ ಹಳೆಯ ಪುಸ್ತಕ ಓದಿದರೆ ನಾಲಿಗೆ ತೊಡರುತ್ತದಂತೆ. ಅಡುಗೆಮನೆಯಲ್ಲಿ ಕೂತು ಕಥೆ ಹೇಳಿದಳು. ಆತ ರೋಮಿನ ಚಕ್ರವರ್ತಿಯ ಕಾವಲು ಪಡೆಯಲ್ಲಿದ್ದವನು, ಒಳಗೊಳಗೇ ಕ್ರಿಸ್ತನನ್ನು ನಂಬಿದವನು. ಸೆರೆಯಲ್ಲಿದ್ದ ಭಕ್ತರಿಗೆ ಗುಟ್ಟಾಗಿ ಧೈರ್ಯ ತುಂಬುತ್ತಿದ್ದ. ಗುಟ್ಟು ಹೊರಬಿದ್ದು, ಚಕ್ರವರ್ತಿ ಬಿಲ್ಲುಗಾರರಿಂದ ಬಾಣ ಬಿಡಿಸಿದ. ಸತ್ತನೆಂದು ಬಿಟ್ಟುಹೋದ ಮೇಲೆ ಒಬ್ಬ ವಿಧವೆ ಹೆಣ ಮಣ್ಣು ಮಾಡಲು ಬಂದು ನೋಡಿದರೆ ಉಸಿರಿತ್ತು. ಮನೆಗೆ ಒಯ್ದು ಆರೈಕೆ ಮಾಡಿ ಬದುಕಿಸಿದಳು.

“ಇಷ್ಟಕ್ಕ ಮುಗಿಸ್ರಿ ಟೀಚರಮ್ಮ. ಮುಂದಿಂದು ಬ್ಯಾಡ,” ಎಂದಳು.

ಮುಂದೇನೆಂದು ನಾನು ಕೇಳಲೂ ಇಲ್ಲ. ಕುರುಗೋಡಿನಲ್ಲಿ ನಮ್ಮ ತಂದೆ ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹೇಳುತ್ತಿದ್ದರು. ಶರಣನೊಬ್ಬ ಕಷ್ಟದಲ್ಲಿರುವಾಗ ಎಂದೂ ಆ ದಿನದ ಪುರಾಣ ನಿಲ್ಲಿಸುತ್ತಿರಲಿಲ್ಲ. ಎಷ್ಟೇ ಹೊತ್ತಾಗಲಿ, ಅವನನ್ನು ಸುಖದ ಒಂದು ಜಾಗಕ್ಕೆ ಮುಟ್ಟಿಸಿಯೇ ಮಂಗಳ ಹಾಡುವುದು. ಕೇಳಿದವರು ಸಂಕಟ ಹೊತ್ತುಕೊಂಡು ಮನೆಗೆ ಹೋಗಬಾರದು ಎಂಬುದು ನಮ್ಮವರ ಪದ್ಧತಿ. ಅದೇ ಲೆಕ್ಕದಲ್ಲಿ ಬರೆದೆ. ‘ಗಾಯ ಮಾಯಿತು, ಆತ ಎದ್ದು ನಿಂತನು’ ಎಂದು ಮಂಗಳ ಹಾಡಿಬಿಟ್ಟೆ. ಚೆನ್ನಾಗಿ ಬಂದಿದೆ ಎಂದು ನನಗೇ ಸ್ವಲ್ಪ ಜಂಬವೂ ಬಂತು.

ಹಬ್ಬದ ಸಂಜೆ ಅವರ ಬಂಧುಗಳು ಕೆಲವರು ಬಂದಿದ್ದರು. ಆಕೆಯೇ ಓದಿದಳು. ವಿಧವೆ ಬಾಣ ಕಿತ್ತು ಗಾಯ ತೊಳೆಯುವ ಜಾಗ ಬಂದಾಗ ಧ್ವನಿ ಸಣ್ಣಗಾಯಿತು. ಜನ್ಮವಿಡೀ ಗಾಯ ತೊಳೆದವಳು, ಅಲ್ಲವೇ. ಕೊನೆಯ ಸಾಲು ಓದಿ ಹಾಳೆ ಮಡಿಚಿದಳು.

ಮೂಲೆಯಲ್ಲಿ ಕೂತಿದ್ದ ಮಗ ಮೆಲ್ಲಗೆ ಕೇಳಿದ: “ಎದ್ದು ಎಲ್ಲಿಗಿ ಹೋದ, ಯವ್ವಾ?”

ಬಂದಿದ್ದ ಎಲ್ಲರಿಗೂ ಕಥೆ ಗೊತ್ತಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ. ಈಗ ಅದೆಲ್ಲ ಯಾಕಪ್ಪ ಎಂದು ಅವನ ಬಾಯಿ ಮುಚ್ಚಿಸಲು ನೋಡಿದೆ. ಆಕೆ ನನಗೆ ಕೈಸನ್ನೆ ಮಾಡಿ, ಮಡಿಚಿದ ಹಾಳೆಯನ್ನು ಪಟದ ಕೆಳಗಿಟ್ಟಳು. ನೋಡಿ ಓದುವುದಕ್ಕೆ ಇನ್ನೇನೂ ಇರಲಿಲ್ಲ. ಬಾಯಲ್ಲೇ ಹೇಳಿದಳು. ಊರು ಬಿಟ್ಟು ಹೋಗೆಂದು ಎಲ್ಲರೂ ಬೇಡಿಕೊಂಡರು. ಆತ ಹೋಗಲಿಲ್ಲ. ಚಕ್ರವರ್ತಿ ಹಾದುಹೋಗುವ ಮೆಟ್ಟಿಲ ಮೇಲೆ ಹೋಗಿ ನಿಂತ. ನೀನು ಮಾಡುತ್ತಿರುವುದು ಅನ್ಯಾಯ ಎಂದು ಮುಖಕ್ಕೆ ಹೇಳಿದ. ಈ ಸಲ ದೊಣ್ಣೆಗಳಿಂದ ಬಡಿದು ಕೊಂದರು.

ನಿಜ ಹೇಳುತ್ತೇನೆ, ನನಗೆ ಆ ಸಂತನ ಮೇಲೆ ಸಿಟ್ಟು ಬಂತು. ಒಬ್ಬ ಹೆಂಗಸು ನಿದ್ದೆಗೆಟ್ಟು ಉಳಿಸಿದ ಜೀವವನ್ನು ಹೀಗೆ ಒಯ್ದು ಒಪ್ಪಿಸುವುದೇ? ಹಾಸಿಗೆಯಲ್ಲಿ ಹೊರಳಾಡುತ್ತ ಅದನ್ನೇ ಯೋಚಿಸಿದೆ. ಮರಕ್ಕೆ ಕಟ್ಟಿದಾಗ ಅವನು ತಪ್ಪಿಸಿಕೊಳ್ಳುವಂತಿರಲಿಲ್ಲ. ಮೆಟ್ಟಿಲು ಹತ್ತುವಾಗ ಕೈಕಾಲಿಗೆ ಕಟ್ಟು ಇರಲಿಲ್ಲ, ಬಾಣದ ನೋವು ಏನೆಂದೂ ಗೊತ್ತಿತ್ತು. ಪಟ ಬರೆದವರು ಬಾಣಗಳನ್ನು ಬರೆದರು. ನಂಬಿಕೆ ಇದ್ದದ್ದು ಮೆಟ್ಟಿಲ ಮೇಲೆ ಎಂದು ನನಗನಿಸಿತು. ಆದರೂ ಸಿಟ್ಟು ಇಳಿಯಲಿಲ್ಲ.

ಪ್ಲಾಸ್ಟರ್ ತೆಗೆಸಿದ ಮೇಲೆ ಮಗ ಅದೇ ತೂಬಿಗೆ ಹೊರಟ. ಆಕೆ ಬೇಡವೆನ್ನಲಿಲ್ಲ. ರೊಟ್ಟಿ ಕಟ್ಟಿಕೊಟ್ಟು, ಹೊಲಿಗೆಯ ಗುರುತಿನ ಪಕ್ಕ ಹೆಬ್ಬೆರಳಿನಿಂದ ಶಿಲುಬೆ ಎಳೆದು, “ಹುಷಾರಲೇ,” ಎಂದಳು. ಅಷ್ಟೇ. ಸಿರುಗುಪ್ಪದ ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ಇಬ್ಬರೂ ನಿಂತಿದ್ದೆವು.

“ಆತ ಮೆಟ್ಲ ಮ್ಯಾಲ ಹೋಗಿ ನಿಂತಾಗ, ಆ ವಿಧವಿ ಏನ್ ಮಾಡಾಕತ್ತಿದ್ಲು ಅಂತ ಯಾರೂ ಬರದಿಲ್ಲ ನೋಡ್ರಿ, ಟೀಚರಮ್ಮ,” ಎಂದಳು.

ಮನೆಗೆ ಬಂದೆವು. ಆಕೆ ಫೋನನ್ನು ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಳು. ನಾನು ನಮ್ಮ ಮನೆಯ ಬಾಗಿಲಿಗೆ ಚಿಲಕ ಹಾಕಿ ಬಂದು ಆಕೆಯ ಪಕ್ಕ ಕೂತೆ.